ಪ್ಯಾಟರ್ನ್ ರೂಟರ್‌ಗೆ ಲಿನಕ್ಸ್‌ಸಿಎನ್‌ಸಿ: ಎಚ್81 ಬೋರ್ಡಿನ ಬಯೋಸ್ ತಪಾಸಣೆ

ಬೆಳಗಾವಿಯ ಉದ್ಯಮಬಾಗದ ಒಂದು ಶೆಡ್ಡಿನಲ್ಲಿ ಮೂರು ಅಕ್ಷದ ರೂಟರ್, ಅಂದರೆ ಕಂಪ್ಯೂಟರ್ ನಡೆಸುವ ಕೊರೆಯುವ ಮಷೀನು ಇದೆ. ಫೌಂಡ್ರಿಗಳಿಗೆ ಮರದ ಮತ್ತು ರೆಸಿನ್ ಪ್ಯಾಟರ್ನ್ (ಎರಕದ ಅಚ್ಚಿಗೆ ಬೇಕಾದ ಮಾದರಿ) ಕೊರೆಯುವುದು ಅದರ ಕೆಲಸ. ಇದುವರೆಗೆ ವಿಂಡೋಸ್ ಎಕ್ಸ್‌ಪಿ, ಮಷೀನು ನಡೆಸುವ ಮ್ಯಾಕ್3 ತಂತ್ರಾಂಶ, ಕಂಪ್ಯೂಟರಿನ ಬೆನ್ನಿನ 25 ಪಿನ್ನಿನ ಪ್ಯಾರಲಲ್ ಪೋರ್ಟು, ಇವುಗಳ ಮೇಲೆ ನಡೆಯುತ್ತಿತ್ತು. ಹಾರ್ಡ್‌ಡಿಸ್ಕ್ ಕೈಕೊಡಲು ಶುರುವಾದಾಗ ಹೊಸ ವಿಂಡೋಸ್ ಹಾಕುವ ದಾರಿ ಇರಲಿಲ್ಲ. ಮ್ಯಾಕ್3ರ ಪ್ಯಾರಲಲ್ ಪೋರ್ಟ್ ಡ್ರೈವರ್ ನಡೆಯುವುದು 32 ಬಿಟ್ ವಿಂಡೋಸ್‌ನಲ್ಲಿ ಮಾತ್ರ. ಹಾಗಾಗಿ ಲಿನಕ್ಸ್‌ನ ಡೆಬಿಯನ್ 12, ಅದರ ರಿಯಲ್‌ಟೈಮ್ ಕರ್ನಲ್ (ಹೊತ್ತು ತಪ್ಪದೆ ಕೆಲಸ ಮಾಡುವ ಲಿನಕ್ಸ್ ತಿರುಳು), ಮೇಲೆ ಮಷೀನು ನಡೆಸುವ ಲಿನಕ್ಸ್‌ಸಿಎನ್‌ಸಿ ಎಂದು ತೀರ್ಮಾನವಾಯಿತು. ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟರ್, ಅದರ ಡ್ರೈವರ್, ಪೋರ್ಟಿನ ಸಿಗ್ನಲ್ ಹಂಚುವ ಬ್ರೇಕ್‌ಔಟ್ ಬೋರ್ಡು ಯಾವುದನ್ನೂ ಬದಲಿಸುವುದಿಲ್ಲ.

ಲಿನಕ್ಸ್ ಹಾಕುವುದು ಇಲ್ಲಿ ಸಣ್ಣ ಕೆಲಸ. ಬೋರ್ಡಿನ ಬಯೋಸ್ (ಕಂಪ್ಯೂಟರನ್ನು ಎಬ್ಬಿಸುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಈ ಕೆಲಸಕ್ಕೆ ಒಗ್ಗುತ್ತದೋ ಇಲ್ಲವೋ ಎಂದು ನೋಡುವುದೇ ದೊಡ್ಡ ಕೆಲಸ. ಡೆಸ್ಕ್‌ಟಾಪ್ ಪರದೆ ಬಂದ ಕೂಡಲೇ ಆಪರೇಟರ್ ಕೇಳಿದ್ದು, "ಚಾಲೂ ಆತಲ್ರೀ, ಇನ್ನೇನ್ ನೋಡೂದೈತ್ರಿ?" ಆಫೀಸಿನ ಕಂಪ್ಯೂಟರ್ ಆಗಿದ್ದರೆ ನೋಡುವುದೇನೂ ಇರಲಿಲ್ಲ. ಮಷೀನು ಓಡಿಸುವ ಕಂಪ್ಯೂಟರ್ ಪ್ರತಿ 50 ಮೈಕ್ರೋಸೆಕೆಂಡಿಗೊಮ್ಮೆ ತಪ್ಪದೆ ಪೋರ್ಟಿನ ಮೇಲೆ ಕೈಯಾಡಿಸಬೇಕು, ಮೋಟರಿನ ಹೆಜ್ಜೆಗೆ ಪಲ್ಸ್ ಹೋಗುವುದು ಅಲ್ಲಿಂದಲೇ. ಬಯೋಸ್‌ನ ಒಂದು ಸೆಟ್ಟಿಂಗ್ ಆ ಲಯ ಕೆಡಿಸಿದರೆ ಮೋಟರ್ ಹೆಜ್ಜೆ ತಪ್ಪುತ್ತದೆ, 8 ತಾಸು ಕೊರೆದ ಪ್ಯಾಟರ್ನ್ ಕೊನೆಯಲ್ಲಿ ಕಸವಾಗುತ್ತದೆ.

ಬಳಸಿದ್ದು: ಎಚ್81 ಚಿಪ್‌ಸೆಟ್ ಬೋರ್ಡು, ಕೋರ್ ಐ3-4130, 4 ಜಿಬಿ ಡಿಡಿಆರ್3. ಒಂದು ಆಫೀಸಿನಿಂದ ಹೊರಬಿದ್ದ ಸೆಕೆಂಡ್ ಹ್ಯಾಂಡ್ ಡಬ್ಬಿ, 4,500 ರೂ. ಬೋರ್ಡಿನ ಮೇಲೆ 26 ಪಿನ್ನಿನ ಎಲ್‌ಪಿಟಿ (ಪ್ಯಾರಲಲ್ ಪೋರ್ಟ್) ಹೆಡರ್ ಇದೆ ಎಂಬ ಒಂದೇ ಕಾರಣಕ್ಕೆ ಇದನ್ನು ಆರಿಸಿದ್ದು. 120 ಜಿಬಿ ಎಸ್‌ಎಸ್‌ಡಿ 1,150 ರೂ., ಎಲ್‌ಪಿಟಿ ಬ್ರ್ಯಾಕೆಟ್ ಕೇಬಲ್ 180 ರೂ. ಸಲಕರಣೆ: ಮಲ್ಟಿಮೀಟರ್, ಪೆನ್‌ಡ್ರೈವ್, ಪಿಎಸ್/2 ಕೀಬೋರ್ಡ್, 0.01 ಮಿ.ಮೀ. ಡಯಲ್ ಗೇಜು, ಫೋಟೊ ತೆಗೆಯಲು ಮೊಬೈಲು.

ಹಂತ 1: ಸೆಲ್ಲು, ಫೋಟೊ, ಡಿಫಾಲ್ಟು

ಬಯೋಸ್ ತೆರೆಯುವ ಮೊದಲು ಬೋರ್ಡಿನ ಸೆಲ್ಲನ್ನು ಅಳೆಯಬೇಕು. ಸಿಆರ್2032 ಹೊಸದಿದ್ದಾಗ 3 ವೋಲ್ಟಿಗಿಂತ ತುಸು ಮೇಲೆ ತೋರಿಸುತ್ತದೆ. ಇದು 2.43 ತೋರಿಸಿತು. 40 ರೂಪಾಯಿಯ ಹೊಸ ಸೆಲ್ ಹಾಕಿ ಮುಂದೆ ಹೋದೆವು. ಇದನ್ನು ಮೊದಲ ಹಂತವಾಗಿ ಬರೆಯಲು ಕಾರಣವಿದೆ. ಸೆಲ್ ಸತ್ತ ಬೋರ್ಡು ರಾತ್ರಿ ಮೇನ್ ಸ್ವಿಚ್ ಆಫ್ ಮಾಡಿದಾಗ ಎಲ್ಲ ಸೆಟ್ಟಿಂಗನ್ನೂ ಮರೆತು ಬೆಳಿಗ್ಗೆ ಡಿಫಾಲ್ಟಿನಲ್ಲಿ ಏಳುತ್ತದೆ. ಲಿನಕ್ಸ್ ಬೂಟ್ ಆಗುತ್ತದೆ, ಮಷೀನೂ ಓಡುತ್ತದೆ, ಕೆಳಗೆ ಮಾಡುವ ಕೆಲಸವೆಲ್ಲ ಸದ್ದಿಲ್ಲದೆ ರದ್ದಾಗಿರುತ್ತದೆ. ಹಳೆಯ ಬೋರ್ಡಿಗೆ ಸೆಲ್ ಅಳೆಯದೆ ಕೈ ಹಾಕಲೇಬೇಡಿ.

ಬಳಿಕ ಡಿಲೀಟ್ ಕೀ ಒತ್ತಿ ಒಳಗೆ ಹೋಗಿ ಇದ್ದ ಸ್ಥಿತಿಯ ಪ್ರತಿ ಪುಟದ ಫೋಟೊ. ಆಮೇಲೆ 'ಲೋಡ್ ಆಪ್ಟಿಮೈಸ್ಡ್ ಡಿಫಾಲ್ಟ್ಸ್', ಸೇವ್, ರೀಬೂಟ್. ಹಿಂದಿನ ಮಾಲೀಕರು ಏನೇನು ಬದಲಿಸಿದ್ದರೋ ತಿಳಿಯದು, ಗೊತ್ತಿರುವ ನೆಲದಿಂದ ಶುರುಮಾಡಿದರೆ ಮುಂದಿನ ಅಳತೆಗೆ ಅರ್ಥವಿರುತ್ತದೆ.

ಬಯೋಸ್ ಅಪ್‌ಡೇಟ್ ಮಾಡಲಿಲ್ಲ. ತಯಾರಕರ ಪಟ್ಟಿಯಲ್ಲಿದ್ದ ಹೊಸ ಆವೃತ್ತಿಗಳು ಹೊಸ ಪ್ರೊಸೆಸರ್‌ಗಳ ಬೆಂಬಲಕ್ಕೆ ಬಂದವು, ನಮ್ಮ ಐ3ಗೆ ಅದರಿಂದ ಲಾಭವಿಲ್ಲ. ಪ್ರೊಸೆಸರಿನ ಒಳ ತಿದ್ದುಪಡಿಗಳಾದ ಮೈಕ್ರೋಕೋಡನ್ನು ಡೆಬಿಯನ್ನಿನ ಇಂಟೆಲ್-ಮೈಕ್ರೋಕೋಡ್ ಪ್ಯಾಕೇಜೇ ಬೂಟ್ ಹೊತ್ತಿಗೆ ತುಂಬುತ್ತದೆ. ಮಾಡಲೇಬೇಕಾದರೆ ಎರಡು ಮಾತು: ಯುಪಿಎಸ್ ಇಲ್ಲದೆ ಫ್ಲ್ಯಾಶ್ ಮಾಡಬೇಡಿ. ಫ್ಲ್ಯಾಶ್ ಮಾಡಿದರೆ ಸೆಟ್ಟಿಂಗೆಲ್ಲ ಡಿಫಾಲ್ಟಿಗೆ ಹೋಗುತ್ತವೆ, ಆದ್ದರಿಂದ ಅದು ಮೊದಲ ಕೆಲಸವಾಗಬೇಕು, ಕೊನೆಯದಲ್ಲ.

ಹಂತ 2: ಬೂಟ್ ಮೋಡ್, ಸಾಟಾ, ಸೆಕ್ಯೂರ್ ಬೂಟ್

ಸಾಟಾ (ಡಿಸ್ಕಿನ ಸಂಪರ್ಕ) ಮೋಡ್ ಎಎಚ್‌ಸಿಐ. ಎಕ್ಸ್‌ಪಿ ಕಾಲದ ಡಬ್ಬಿಗಳಲ್ಲಿ ಇದು ಐಡಿಇ ಎಂದಿರುತ್ತದೆ, ಎಕ್ಸ್‌ಪಿಯ ಬಳಿ ಎಎಚ್‌ಸಿಐ ಡ್ರೈವರ್ ಇರಲಿಲ್ಲ. ಲಿನಕ್ಸ್‌ಗೆ ಆ ತೊಂದರೆಯಿಲ್ಲ.

ಬೂಟ್ ಮೋಡ್ ಶುದ್ಧ ಯುಇಎಫ್‌ಐ (ಹೊಸ ಬಗೆಯ ಬೂಟ್), ಹಳೆಯ ಲೆಗಸಿ ಬೂಟಿಗೆ ಅವಕಾಶ ಕೊಡುವ ಸಿಎಸ್‌ಎಂ ಬಂದ್. ಎಚ್81 ಎರಡನ್ನೂ ಬಲ್ಲದು. ಹಳೆಯ ಲೆಗಸಿ ಮೋಡಿನಲ್ಲೂ ಲಿನಕ್ಸ್‌ಸಿಎನ್‌ಸಿ ನಡೆಯುತ್ತದೆ, ಆದರೂ ಯುಇಎಫ್‌ಐ ಆರಿಸಿದ್ದಕ್ಕೆ ಹಂತ 5ರಲ್ಲಿ ಬೆಲೆ ಸಿಗುತ್ತದೆ. ಪೆನ್‌ಡ್ರೈವ್‌ನಿಂದ ಬೂಟ್ ಮಾಡುವಾಗ ಬೂಟ್ ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣಬಹುದು. ಹೆಸರಿನ ಹಿಂದೆ 'ಯುಇಎಫ್‌ಐ' ಎಂದಿರುವ ಸಾಲನ್ನೇ ಆರಿಸಬೇಕು. ಬರಿ ಹೆಸರಿನ ಸಾಲು ಒತ್ತಿದರೆ ಡೆಬಿಯನ್ ಲೆಗಸಿಯಲ್ಲಿ ಕೂರುತ್ತದೆ, ಆಮೇಲೆ ಸಿಎಸ್‌ಎಂ ಬಂದ್ ಮಾಡಿದ ದಿನ ಡಿಸ್ಕೇ ಬೂಟ್ ಪಟ್ಟಿಯಿಂದ ಮಾಯ. ಹಾಕಿದ ನಂತರ ಖಾತ್ರಿ ಮಾಡಿಕೊಳ್ಳುವುದು ಸುಲಭ: ಸಿಸ್ಟಮ್‌ನ 'ಸಿಸ್/ಫರ್ಮ್‌ವೇರ್' ಫೋಲ್ಡರಿನೊಳಗೆ 'ಇಎಫ್‌ಐ' ಎಂಬ ಫೋಲ್ಡರ್ ಇದ್ದರೆ ಯುಇಎಫ್‌ಐ, ಇಲ್ಲದಿದ್ದರೆ ಲೆಗಸಿ.

ಸಹಿ ಇರುವ ತಂತ್ರಾಂಶವನ್ನು ಮಾತ್ರ ಬೂಟ್ ಆಗಲು ಬಿಡುವ ಸೆಕ್ಯೂರ್ ಬೂಟ್ ಈ ಡಬ್ಬಿಯಲ್ಲಿ ಆನ್ ಇತ್ತು, ಹಿಂದೆ ವಿಂಡೋಸ್ 10 ನಡೆಸಿದ ಡಬ್ಬಿ ಇದು. ಡೆಬಿಯನ್ 10ರಿಂದ ಈಚೆಗೆ ಸಹಿ ಇರುವ ಬೂಟ್‌ಲೋಡರ್ ಬರುವುದರಿಂದ, ಸೆಕ್ಯೂರ್ ಬೂಟ್ ಆನ್ ಇದ್ದರೂ ಡೆಬಿಯನ್ ತಕರಾರಿಲ್ಲದೆ ಕೂರುತ್ತದೆ. ರಿಯಲ್‌ಟೈಮ್ ಕರ್ನಲ್ ಕೂಡ ಬೂಟ್ ಆಯಿತು. ಎಡವಿದ್ದು ಲಿನಕ್ಸ್‌ಸಿಎನ್‌ಸಿ ತೆರೆದಾಗ. 'ಐಒಪಿಎಲ್ ಫೇಲ್ಡ್, ಆಪರೇಷನ್ ನಾಟ್ ಪರ್ಮಿಟೆಡ್' ಎಂದು ಹೇಳಿತು, ಪ್ಯಾರಲಲ್ ಪೋರ್ಟ್ ಸತ್ತಂತೆ ಕುಳಿತಿತ್ತು.

ಇಲ್ಲಿ ಯಾರಿಗೂ ಮೊದಲು ಅನುಮಾನ ಬರುವುದು ಕೇಬಲ್ ಮೇಲೆ, ನಂತರ ಪೋರ್ಟ್ ವಿಳಾಸದ ಮೇಲೆ. ಎರಡೂ ಸರಿ ಇದ್ದವು. ಉತ್ತರ ಕರ್ನಲ್ ಲಾಗಿನಲ್ಲಿತ್ತು: 'ಲಾಕ್‌ಡೌನ್' ಎಂದು ಶುರುವಾಗುವ ಸಾಲು, ನೇರ ಐ/ಒ ಪೋರ್ಟ್ ಬಳಕೆಗೆ ನಿರ್ಬಂಧವಿದೆ ಎಂಬ ಒಕ್ಕಣೆ. ಸೆಕ್ಯೂರ್ ಬೂಟ್ ಆನ್ ಇದ್ದರೆ ಡೆಬಿಯನ್ ಕರ್ನಲ್ ತಾನಾಗಿ ಲಾಕ್‌ಡೌನ್ ಸ್ಥಿತಿಗೆ ಹೋಗುತ್ತದೆ, ಆ ಸ್ಥಿತಿಯಲ್ಲಿ ಹೊರಗಿನ ಯಾವ ಪ್ರೋಗ್ರಾಮೂ ಪೋರ್ಟನ್ನು ನೇರವಾಗಿ ಮುಟ್ಟುವಂತಿಲ್ಲ. ಲಿನಕ್ಸ್‌ಸಿಎನ್‌ಸಿ ಮಾಡುವುದು ಅದೇ ಕೆಲಸ. ಪಲ್ಸ್ ತಾವೇ ತಯಾರಿಸುವ, ಪಿಸಿಐ ಸ್ಲಾಟಿನಲ್ಲಿ ಕೂರುವ ಮೋಷನ್ ಕಾರ್ಡುಗಳಿಗೂ ಇದೇ ಅಡ್ಡಿ. ಈಥರ್ನೆಟ್ ಮೋಷನ್ ಕಾರ್ಡುಗಳಿಗೆ ಇಲ್ಲ, ಅವಕ್ಕೆ ನೆಟ್‌ವರ್ಕ್ ಪ್ಯಾಕೆಟ್ ಕಳಿಸುವುದು ಮಾತ್ರ.

ಆದ್ದರಿಂದ ಸೆಕ್ಯೂರ್ ಬೂಟ್ ಆಫ್. ಬಹಳ ಬೋರ್ಡುಗಳಲ್ಲಿ ಈ ಸಾಲು ಬೂದುಬಣ್ಣದಲ್ಲಿ ಹೆಪ್ಪುಗಟ್ಟಿರುತ್ತದೆ, ನೇರವಾಗಿ ಬದಲಾಗದು. 'ಓಎಸ್ ಟೈಪ್' ಅಥವಾ 'ವಿಂಡೋಸ್ 8 ಫೀಚರ್ಸ್' ಎಂಬ ಇನ್ನೊಂದು ಸಾಲನ್ನು 'ಅದರ್ ಓಎಸ್'ಗೆ ತಿರುಗಿಸಿದರೆ ಇದು ಬಿಡುಗಡೆಯಾಗುತ್ತದೆ ಅಥವಾ ತಾನೇ ಆಫ್ ಆಗುತ್ತದೆ. ಆದರೆ ಕೆಲವು ಬೋರ್ಡು 'ಅದರ್ ಓಎಸ್' ಆದ ಕೂಡಲೇ ಸಿಎಸ್‌ಎಂ ಅನ್ನು ಮತ್ತೆ ಆನ್ ಮಾಡಿಬಿಡುತ್ತವೆ. ಆ ಪುಟಕ್ಕೆ ಮರಳಿ ಹೋಗಿ ನೋಡಿಯೇ ಸೇವ್ ಮಾಡಬೇಕು. ಲಿನಕ್ಸ್ ಒಳಗಿನಿಂದ ಮೊಕ್‌ಯುಟಿಲ್ ಕಮಾಂಡ್ 'ಸೆಕ್ಯೂರ್‌ಬೂಟ್ ಡಿಸೇಬಲ್ಡ್' ಎಂದರೆ ಈ ಹಂತ ಮುಗಿಯಿತು.

ಹಂತ 3: ಏನೂ ಬದಲಿಸದೆ ಒಂದು ಅಳತೆ

ಲಿನಕ್ಸ್‌ಸಿಎನ್‌ಸಿ ಜತೆಗೇ 'ಲೇಟೆನ್ಸಿ-ಟೆಸ್ಟ್' ಬರುತ್ತದೆ. 25 ಮೈಕ್ರೋಸೆಕೆಂಡಿಗೊಮ್ಮೆ ಎದ್ದು ಪಲ್ಸ್ ನೋಡಿಕೊಳ್ಳುವ ಬೇಸ್ ಥ್ರೆಡ್, 1 ಮಿಲಿಸೆಕೆಂಡಿಗೊಮ್ಮೆ ಎದ್ದು ಚಲನೆಯ ಲೆಕ್ಕ ಮಾಡುವ ಸರ್ವೋ ಥ್ರೆಡ್ ಎರಡನ್ನೂ ಓಡಿಸಿ, ಅತಿ ತಡವಾಗಿ ಎದ್ದದ್ದು (ಜಿಟ್ಟರ್) ಎಷ್ಟು ಎಂದು ನ್ಯಾನೋಸೆಕೆಂಡಿನಲ್ಲಿ ತೋರಿಸುತ್ತದೆ. ಪ್ಯಾರಲಲ್ ಪೋರ್ಟಿನಿಂದ ನೇರ ಪಲ್ಸ್ ಬಿಡುವವರಿಗೆ ಲಿನಕ್ಸ್‌ಸಿಎನ್‌ಸಿ ಕೈಪಿಡಿಯ ಲೆಕ್ಕ ಹೀಗಿದೆ: 15ರಿಂದ 20 ಮೈಕ್ರೋಸೆಕೆಂಡಿನೊಳಗೆ ಇದ್ದರೆ ಬಲು ಒಳ್ಳೆಯದು, 30ರಿಂದ 50 ಇದ್ದರೆ ನಡೆಯುತ್ತದೆ, ವೇಗ ತುಸು ಕಡಿಮೆ. 100 ದಾಟಿದರೆ ಈ ಕೆಲಸಕ್ಕೆ ಆ ಕಂಪ್ಯೂಟರ್ ಬೇಡ.

ಟೆಸ್ಟನ್ನು ಖಾಲಿ ಕಂಪ್ಯೂಟರಿನಲ್ಲಿ ಓಡಿಸಿದರೆ ಸುಳ್ಳು ನೆಮ್ಮದಿ ಸಿಗುತ್ತದೆ. ಜತೆಗೆ ಹೊರೆ ಹೇರಬೇಕು: 'ಜಿಎಲ್‌ಎಕ್ಸ್‌ಗಿಯರ್ಸ್' ಎಂಬ ಗ್ರಾಫಿಕ್ಸ್ ಡೆಮೊದ ಕಿಟಕಿ ನಾಲ್ಕೈದು, ದೊಡ್ಡ ಫೈಲಿನ ನಕಲು, ನೆಟ್‌ವರ್ಕ್ ಡೌನ್‌ಲೋಡ್, ಕಿಟಕಿಗಳನ್ನು ಮೌಸಿನಿಂದ ಎಳೆದಾಡುವುದು, ಪೆನ್‌ಡ್ರೈವ್ ಚುಚ್ಚಿ ತೆಗೆಯುವುದು. ಮಷೀನು ಓಡುವಾಗ ಆಪರೇಟರ್ ಮಾಡುವುದೂ ಇದನ್ನೇ.

ಡಿಫಾಲ್ಟ್ ಬಯೋಸ್‌ನಲ್ಲಿ ಬೇಸ್ ಥ್ರೆಡ್ಡಿನ ಅತಿ ಹೆಚ್ಚು ಜಿಟ್ಟರ್ 212 ಮೈಕ್ರೋಸೆಕೆಂಡ್. ಕೈಪಿಡಿಯ ಪ್ರಕಾರ ಈ ಡಬ್ಬಿ ಗುಜರಿಗೆ. ಇದೇ ಅಂಕಿಯನ್ನು ನೋಡಿ ಎಷ್ಟೋ ಮಂದಿ ಒಳ್ಳೆಯ ಬೋರ್ಡನ್ನು ಬದಿಗಿಡುತ್ತಾರೆ, ಅದು ಬೇಸರದ ಸಂಗತಿ.

ಹಂತ 4: ಪ್ರೊಸೆಸರಿನ ನಿದ್ದೆ ಬಿಡಿಸುವುದು

ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಬದಲಾವಣೆಯ ನಂತರ ಅದೇ ಹೊರೆಯಲ್ಲಿ ಅರ್ಧ ತಾಸು ಟೆಸ್ಟು. ನಾಲ್ಕನ್ನು ಒಟ್ಟಿಗೆ ತಿರುಗಿಸಿದರೆ ಯಾವುದು ಕೆಲಸ ಮಾಡಿತು, ಯಾವುದು ಮಾಡಲಿಲ್ಲ ಎಂದು ಎಂದಿಗೂ ತಿಳಿಯದು. ಈ ಹಂತದಲ್ಲೇ ಅದರ ಪುರಾವೆ ಸಿಕ್ಕಿತು.

ಮೊದಲು ಸಿ-ಸ್ಟೇಟುಗಳು. ಕೆಲಸವಿಲ್ಲದಾಗ ಕರೆಂಟು ಉಳಿಸಲು ಪ್ರೊಸೆಸರ್ ಸಿ1ಇ, ಸಿ3, ಸಿ6 ಎಂದು ಆಳಕ್ಕೆ ಇಳಿಯುತ್ತದೆ. ಆಳದಿಂದ ಏಳಲು ಹೊತ್ತು ಬೇಕು. ಬಯೋಸ್‌ನಲ್ಲಿ ಮೂರನ್ನೂ ಡಿಸೇಬಲ್ ಮಾಡಿ ಅಳೆದರೆ 212 ಇದ್ದದ್ದು 196 ಆಯಿತು. ಇಳಿದಂತೆಯೇ ಇಲ್ಲ.

ಈ ಬೋರ್ಡು ಸೆಟ್ಟಿಂಗಿಗೆ ಬೆಲೆ ಕೊಡುತ್ತಿಲ್ಲ ಎಂದು ಕೈಬಿಡುವ ಮೊದಲು ಲಿನಕ್ಸ್ ಏನು ನೋಡುತ್ತಿದೆ ಎಂದು ಪರೀಕ್ಷಿಸಬೇಕು. 'ಸಿಪಿಯುಪವರ್ ಐಡಲ್-ಇನ್ಫೊ' ಕೊಟ್ಟಾಗ ಪಟ್ಟಿಯಲ್ಲಿ ಸಿ3, ಸಿ6 ಹಾಗೇ ಕಂಡವು, ಡ್ರೈವರಿನ ಹೆಸರು 'ಇಂಟೆಲ್_ಐಡಲ್'. ಈ ಡ್ರೈವರ್ ಹ್ಯಾಸ್ವೆಲ್‌ನಂಥ (ನಮ್ಮ ಐ3ಯ ಪೀಳಿಗೆ) ತನಗೆ ಗೊತ್ತಿರುವ ಪ್ರೊಸೆಸರುಗಳಿಗೆ ತನ್ನದೇ ಪಟ್ಟಿ ಇಟ್ಟುಕೊಂಡಿದೆ. ಬಯೋಸ್ ಎಸಿಪಿಐ (ಬೋರ್ಡಿನ ವಿವರವನ್ನು ಆಪರೇಟಿಂಗ್ ಸಿಸ್ಟಮ್‌ಗೆ ಒಪ್ಪಿಸುವ ವ್ಯವಸ್ಥೆ) ಮೂಲಕ ಕೊಡುವ ಪಟ್ಟಿಯನ್ನು ಕೇಳುವುದಿಲ್ಲ. ಬಯೋಸ್‌ನಲ್ಲಿ ಬಂದ್ ಮಾಡಿದ್ದನ್ನು ಅದು ಒಳಗಿನಿಂದ ಬಳಸುತ್ತಲೇ ಇತ್ತು.

ಪರಿಹಾರ ಲಿನಕ್ಸನ್ನು ಬೂಟ್ ಮಾಡುವ ಗ್ರಬ್‌ನ ಡಿಫಾಲ್ಟ್ ಫೈಲಿನಲ್ಲಿ, ಕರ್ನಲ್ ಕಮಾಂಡ್‌ಲೈನಿಗೆ 'ಇಂಟೆಲ್_ಐಡಲ್.ಮ್ಯಾಕ್ಸ್_ಸಿಸ್ಟೇಟ್=0' ಸೇರಿಸಿ ಅಪ್‌ಡೇಟ್-ಗ್ರಬ್ ಓಡಿಸುವುದು. ಆಗ ಆ ಡ್ರೈವರ್ ಪಕ್ಕಕ್ಕೆ ಸರಿದು ಎಸಿಪಿಐ ಡ್ರೈವರ್ ಬರುತ್ತದೆ, ಅದು ಬಯೋಸ್ ಹೇಳಿದಂತೆ ಕೇಳುತ್ತದೆ. ರೀಬೂಟ್ ಬಳಿಕ ಪಟ್ಟಿಯಲ್ಲಿ ಉಳಿದದ್ದು ಸಿ1 ಮಾತ್ರ. ಜಿಟ್ಟರ್ 71. ಇಡೀ ಕೆಲಸದಲ್ಲಿ ಅತಿ ದೊಡ್ಡ ಇಳಿಕೆ ಇದೇ, ಬಯೋಸ್ ಮತ್ತು ಕರ್ನಲ್ ಎರಡೂ ಕಡೆ ಕೈ ಹಾಕಿದಾಗ ಮಾತ್ರ ಬಂದದ್ದು. ಗ್ರಬ್ ಸಾಲು ಹಾಕಿ ಬಯೋಸ್‌ನಲ್ಲಿ ಸಿ-ಸ್ಟೇಟ್ ಆನ್ ಇಟ್ಟು ನೋಡಿದರೂ ಜಿಟ್ಟರ್ ಮೇಲೇರಿತು, ಏಕೆಂದರೆ ಎಸಿಪಿಐ ಡ್ರೈವರ್ ಬಯೋಸ್ ಕೊಟ್ಟ ಆಳದ ನಿದ್ದೆಗಳನ್ನು ನಿಷ್ಠೆಯಿಂದ ಬಳಸುತ್ತದೆ.

ಮುಂದಿನವು ಬೇಗ ಮುಗಿದವು. ಸ್ಪೀಡ್‌ಸ್ಟೆಪ್ (ಹೊರೆ ನೋಡಿ ಪ್ರೊಸೆಸರ್ ವೇಗ ಬದಲಿಸುವುದು) ಆಫ್: 58. ಹೈಪರ್‌ಥ್ರೆಡಿಂಗ್ (ಒಂದು ಕೋರು ಎರಡಾಗಿ ಕಾಣುವುದು) ಆಫ್: 43. ಐ3-4130ರಲ್ಲಿ ಟರ್ಬೊ ಇಲ್ಲ, ಐ5 ಇದ್ದವರು ಅದನ್ನೂ ಆಫ್ ಮಾಡಬೇಕು. ಹೈಪರ್‌ಥ್ರೆಡಿಂಗ್ ಹೋದ ಮೇಲೆ ಉಳಿಯುವುದು 0 ಮತ್ತು 1 ಎಂಬ ಎರಡು ಕೋರು. ಕಮಾಂಡ್‌ಲೈನಿಗೆ 'ಐಸೋಲ್‌ಸಿಪಿಯುಸ್=1' ಸೇರಿಸಿದರೆ ಎರಡನೆಯ ಕೋರನ್ನು ಲಿನಕ್ಸ್ ಬೇರೆ ಕೆಲಸಕ್ಕೆ ಬಳಸದು, ಲಿನಕ್ಸ್‌ಸಿಎನ್‌ಸಿ ತನ್ನ ರಿಯಲ್‌ಟೈಮ್ ಥ್ರೆಡ್ಡನ್ನು ತಾನಾಗಿ ಅಲ್ಲಿಗೆ ಒಯ್ಯುತ್ತದೆ. ಜಿಟ್ಟರ್ 23.

ನಿದ್ದೆ ಇಲ್ಲದ ಪ್ರೊಸೆಸರ್ ಬಿಸಿಯಾಗುತ್ತದೆ. ಖಾಲಿ ಇದ್ದಾಗ 38 ಡಿಗ್ರಿ ಇದ್ದದ್ದು 49ಕ್ಕೆ ಬಂತು. ತಗಡಿನ ಶೆಡ್ಡು, ಏಪ್ರಿಲ್ ಮಧ್ಯಾಹ್ನ, ಮೇಲೆ ಮರದ ಪುಡಿ. ಹೀಟ್‌ಸಿಂಕ್ ಬಿಚ್ಚಿ, ಬ್ರಶ್ ಹೊಡೆದು, ಹೊಸ ಪೇಸ್ಟ್ ಹಚ್ಚಿ ಕೂರಿಸಿದೆವು (100 ರೂ.). ಇದನ್ನು ಬಿಟ್ಟರೆ ಬೇಸಿಗೆಯಲ್ಲಿ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ, ಮತ್ತೆ ಜಿಟ್ಟರ್.

ಹಂತ 5: ಎಲ್ಲಿಂದಲೋ ಬರುವ ಏಟು

23 ಎಂದು ಸಮಾಧಾನ ಪಡುವಂತಿರಲಿಲ್ಲ. ಟೆಸ್ಟನ್ನು ತಾಸುಗಟ್ಟಲೆ ಬಿಟ್ಟರೆ ಅಂಕಿ ಒಮ್ಮೆಲೇ 140ಕ್ಕೆ ಹಾರುತ್ತಿತ್ತು, ಹೊರೆ ಇರಲಿ ಬಿಡಲಿ.

ಇಂಥ ಏಟಿನ ಮೊದಲ ಅನುಮಾನಿತ ಎಸ್‌ಎಂಐ, ಅಂದರೆ ಸಿಸ್ಟಮ್ ಮ್ಯಾನೇಜ್‌ಮೆಂಟ್ ಇಂಟರಪ್ಟ್. ಬಯೋಸ್ ತನ್ನ ಖಾಸಗಿ ಕೆಲಸಕ್ಕೆ ಪ್ರೊಸೆಸರನ್ನು ಕಸಿದುಕೊಳ್ಳುವ ದಾರಿ ಅದು. ಆ ಹೊತ್ತಿನಲ್ಲಿ ಲಿನಕ್ಸ್‌ಗೆ ತಾನು ನಿಂತದ್ದೂ ಗೊತ್ತಾಗುವುದಿಲ್ಲ. ಆದರೆ ಲೆಕ್ಕ ಸಿಗುತ್ತದೆ. ಇಂಟೆಲ್ ಪ್ರೊಸೆಸರಿನ ಹೆಕ್ಸ್ 34ನೇ ಎಂಎಸ್‌ಆರ್ ರಿಜಿಸ್ಟರ್ (ಪ್ರೊಸೆಸರಿನ ಒಳಗಿನ ಒಂದು ಖಾನೆ), ಕಂಪ್ಯೂಟರ್ ಎದ್ದಾಗಿನಿಂದ ಬಂದ ಎಸ್‌ಎಂಐಗಳ ಎಣಿಕೆ. ಎಂಎಸ್‌ಆರ್-ಟೂಲ್ಸ್ ಪ್ಯಾಕೇಜಿನ 'ಆರ್‌ಡಿಎಂಎಸ್‌ಆರ್' ಅದನ್ನು ಓದುತ್ತದೆ. ಒಮ್ಮೆ ಓದಿ ಬರೆದಿಟ್ಟು, ಹತ್ತು ನಿಮಿಷ ಬಿಟ್ಟು ಮತ್ತೆ ಓದಿದರೆ ಅಂಕಿ ಬೆಳೆದಿತ್ತು. ಕಳ್ಳ ಸಿಕ್ಕ, ಮನೆ ಸಿಗಬೇಕಿತ್ತು.

ಫಲ ಕೊಡದವು: ಆನ್‌ಬೋರ್ಡ್ ಆಡಿಯೊ ಆಫ್, ಬಳಸದ ಸೀರಿಯಲ್ ಪೋರ್ಟ್ ಆಫ್, ಫ್ಯಾನಿನ ಸ್ಮಾರ್ಟ್ ಕಂಟ್ರೋಲ್ ಬಿಟ್ಟು ಪೂರ್ಣ ವೇಗ. ಯಾವುದರಿಂದಲೂ ಎಣಿಕೆ ನಿಲ್ಲಲಿಲ್ಲ. ಆನ್‌ಬೋರ್ಡ್ ಗ್ರಾಫಿಕ್ಸ್ ಬಿಟ್ಟು ಹಳೆಯ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಸುಧಾರಿಸುತ್ತದೆ ಎಂಬ ಮಾತು ಬಹಳ ಕಡೆ ಕೇಳಿಬರುತ್ತದೆ. ಇಲ್ಲಿ ಕಾರ್ಡ್ ಹಾಕಿದಾಗ ಸಾಮಾನ್ಯ ಜಿಟ್ಟರೇ 60 ದಾಟಿತು, ತೆಗೆದೆವು.

ಎಣಿಕೆ ನಿಂತದ್ದು 'ಲೆಗಸಿ ಯುಎಸ್‌ಬಿ ಸಪೋರ್ಟ್' ಡಿಸೇಬಲ್ ಮಾಡಿ, ಯುಎಸ್‌ಬಿಯ ಹಿಡಿತವನ್ನು ಬಯೋಸ್‌ನಿಂದ ಲಿನಕ್ಸ್‌ಗೆ ಬಿಡಿಸುವ 'ಎಕ್ಸ್‌ಎಚ್‌ಸಿಐ ಹ್ಯಾಂಡ್-ಆಫ್' ಮತ್ತು 'ಇಎಚ್‌ಸಿಐ ಹ್ಯಾಂಡ್-ಆಫ್' ಎನೇಬಲ್ ಮಾಡಿದಾಗ. ಯುಎಸ್‌ಬಿ ಅರಿಯದ ಹಳೆಯ ಸಿಸ್ಟಮ್‌ಗಳಿಗಾಗಿ ಬಯೋಸ್ ಯುಎಸ್‌ಬಿ ಕೀಬೋರ್ಡನ್ನು ಪಿಎಸ್/2 ಎಂದು ನಟಿಸುತ್ತದೆ, ಆ ನಟನೆ ನಡೆಯುವುದೇ ಎಸ್‌ಎಂಐ ಮೂಲಕ. ಲಿನಕ್ಸ್‌ಗೆ ಅದು ಬೇಡವೇ ಬೇಡ.

ಇಲ್ಲಿ ಹಂತ 2ರ ಆಯ್ಕೆಯ ಲಾಭ. ಲೆಗಸಿ ಯುಎಸ್‌ಬಿ ಆಫ್ ಮಾಡಿದರೆ ಯುಎಸ್‌ಬಿ ಕೀಬೋರ್ಡ್ ಯುಇಎಫ್‌ಐ ಪ್ರೋಗ್ರಾಮುಗಳಿಗೆ ಮಾತ್ರ ಸಿಗುತ್ತದೆ ಎಂದು ಸೆಟ್ಟಿಂಗಿನ ಪಕ್ಕದ ಸಹಾಯ ಪಠ್ಯವೇ ಹೇಳುತ್ತದೆ. ಯುಇಎಫ್‌ಐ ಗ್ರಬ್‌ನಲ್ಲಿ ಕೀಬೋರ್ಡ್ ನಡೆಯಿತು. ಲೆಗಸಿಯಲ್ಲಿ ಹಾಕಿದ್ದಿದ್ದರೆ ಗ್ರಬ್ ಮೆನುವಿನ ಮುಂದೆ ಕೀಬೋರ್ಡ್ ಮೂಕ. ಏನೇ ಆಗಲಿ, ಬೋರ್ಡಿನ ಹಿಂದೆ ಪಿಎಸ್/2 ರಂಧ್ರವಿದ್ದರೆ ಒಂದು ಪಿಎಸ್/2 ಕೀಬೋರ್ಡನ್ನು ಕಪಾಟಿನಲ್ಲಿ ಇಟ್ಟುಕೊಳ್ಳಿ.

ಎಸ್‌ಎಂಐಯನ್ನು ಚಿಪ್‌ಸೆಟ್ ರಿಜಿಸ್ಟರಿನಲ್ಲೇ ಪೂರ್ತಿ ಬಂದ್ ಮಾಡುವ ಹಳೆಯ ಉಪಾಯವೂ ಇದೆ. ಬಳಸಬೇಡಿ ಎಂದೇ ಹೇಳುತ್ತೇವೆ. ಕೆಲವು ಬೋರ್ಡುಗಳಲ್ಲಿ ಪ್ರೊಸೆಸರ್ ಬಿಸಿಯೇರಿದಾಗ ಕಾಪಾಡುವ ಕೆಲಸವೂ ಎಸ್‌ಎಂಐ ಮೂಲಕವೇ ನಡೆಯುತ್ತದೆ.

ರಾತ್ರಿಯಿಡೀ ಹೊರೆಯೊಂದಿಗೆ ಓಡಿಸಿದ ಬಳಿಕ ಅತಿ ಹೆಚ್ಚು 26 ಮೈಕ್ರೋಸೆಕೆಂಡ್.

ಹಂತ 6: ಎಲ್‌ಪಿಟಿ ಪೋರ್ಟು

ಮೊದಲು ಬ್ರ್ಯಾಕೆಟ್ ಕೇಬಲನ್ನು ಮಲ್ಟಿಮೀಟರಿನ ಬೀಪ್‌ನಲ್ಲಿ ನೋಡಿ. ಹೆಡರಿನ 1ನೇ ಪಿನ್ 25 ಪಿನ್ ಕನೆಕ್ಟರಿನ 1ಕ್ಕೆ, ಹೆಡರಿನ 2 ಕನೆಕ್ಟರಿನ 14ಕ್ಕೆ, ಹೆಡರಿನ 3 ಕನೆಕ್ಟರಿನ 2ಕ್ಕೆ ಹೋಗಬೇಕು. ಬೇರೆ ಬೋರ್ಡಿನ ಕೇಬಲ್ ಹೊಂದುತ್ತದೆ ಎಂದು ನಂಬಬೇಡಿ, ಬೋರ್ಡಿನ ಕೈಪಿಡಿಯ ಚಿತ್ರಕ್ಕೆ ತಾಳೆ ಹಾಕಿ.

ಬಯೋಸ್‌ನ 'ಸೂಪರ್ ಐ/ಒ' ಪುಟದಲ್ಲಿ ಪೋರ್ಟ್ ಎನೇಬಲ್, ವಿಳಾಸ ಹೆಕ್ಸ್ 378, ಐಆರ್‌ಕ್ಯು 7. ಮೋಡ್ ಡಿಫಾಲ್ಟಾಗಿ ಇಸಿಪಿ ಇತ್ತು, ಅದನ್ನು ಎಸ್‌ಪಿಪಿಗೆ (ಸಾದಾ ಮೋಡ್) ಇಳಿಸಿದೆವು. 2ರಿಂದ 9ರ ಪಿನ್ನುಗಳಿಂದ ಪಲ್ಸ್ ಹೊರಗೆ ಹೋಗುವುದಷ್ಟೇ ನಮ್ಮ ಕೆಲಸ. ಅದೇ ಪಿನ್ನುಗಳನ್ನು ಇನ್‌ಪುಟ್ ಮಾಡಿಕೊಳ್ಳುವವರು ದ್ವಿಮುಖ ಅಥವಾ ಇಪಿಪಿ ಮೋಡ್ ಇಡಬೇಕು.

ಎಕ್ಸ್ ಮತ್ತು ಜೆಡ್ ಅಕ್ಷ ಓಡಿದವು. ವೈ ಅಕ್ಷ ಆಗಾಗ ಪಲ್ಸ್ ನುಂಗುತ್ತಿತ್ತು. ಜಿಟ್ಟರ್ ಅಲ್ಲ, ಆಗಲೇ ಅಳೆದಾಗಿದೆ. ಪಿನ್ 2ನ್ನು ಹೈ ಮಾಡಿ 18ರಿಂದ 25ರ ಯಾವುದಾದರೂ ಗ್ರೌಂಡ್ ಪಿನ್ನಿಗೆ ಅಳೆದರೆ 3.28 ವೋಲ್ಟ್. ಹಳೆಯ ಎಕ್ಸ್‌ಪಿ ಡಬ್ಬಿಯಲ್ಲಿ ಇದೇ ಅಳತೆ 4.8 ಇತ್ತು. ಬ್ರೇಕ್‌ಔಟ್ ಬೋರ್ಡಿನ ಬಫರ್ ಐಸಿಯ ಮೇಲೆ 74ಎಚ್‌ಸಿ244 ಎಂದಿತ್ತು. ಎಚ್‌ಸಿ ಜಾತಿಯ ಐಸಿ 5 ವೋಲ್ಟಿನಲ್ಲಿ ನಡೆಯುವಾಗ, ಒಳಬರುವ ಸಿಗ್ನಲ್ ಸುಮಾರು 3.5 ವೋಲ್ಟ್ ಇದ್ದರೆ ಹೈ ಎಂದು ಖಾತ್ರಿಯಾಗಿ ಒಪ್ಪುತ್ತದೆ. 3.28 ಎಂದರೆ ಒಮ್ಮೆ ಒಪ್ಪುತ್ತದೆ, ಒಮ್ಮೆ ಇಲ್ಲ. ಅದೇ ಪಿನ್ ಜೋಡಣೆಯ 74ಎಚ್‌ಸಿಟಿ244ಗೆ 2 ವೋಲ್ಟ್ ಸಾಕು. ಸಾಕೆಟಿನಲ್ಲಿದ್ದ ಐಸಿ ಎತ್ತಿ 35 ರೂಪಾಯಿಯ ಎಚ್‌ಸಿಟಿ ಕೂರಿಸಿದ ಮೇಲೆ ವೈ ಅಕ್ಷ ಸರಿಹೋಯಿತು. ಬಯೋಸ್‌ನಲ್ಲಿ ಈ ವೋಲ್ಟೇಜಿಗೆ ಯಾವ ಸೆಟ್ಟಿಂಗೂ ಇಲ್ಲ, ಹುಡುಕಿ ಹೊತ್ತು ಕಳೆಯಬೇಡಿ.

ಈ ಹಂತದಲ್ಲಿ ನಿಜವಾಗಿ ಅಪಾಯದ ಮಾತು ಒಂದಿದೆ. ಕಂಪ್ಯೂಟರ್ ಏಳುವಾಗ ಬಯೋಸ್ ಮತ್ತು ಕರ್ನಲ್ ಎರಡೂ ಎಲ್‌ಪಿಟಿ ಪಿನ್ನುಗಳನ್ನು ಕುಲುಕುತ್ತವೆ. ಕೊರೆಯುವ ಟೂಲನ್ನು ತಿರುಗಿಸುವ ಸ್ಪಿಂಡಲ್ಲಿನ ರಿಲೇ ಆ ಪಿನ್ನಿನಲ್ಲಿದ್ದರೆ ಟಕ್ಕೆಂದು ಎಳೆದುಕೊಳ್ಳಬಹುದು. ಆಪರೇಟರ್ ಟೂಲ್ ಬದಲಿಸುತ್ತಿದ್ದಾಗ ಯಾರೋ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದರೆ ಬೆರಳು ಹೋಗುತ್ತದೆ. ಡ್ರೈವರ್ ಮತ್ತು ಸ್ಪಿಂಡಲ್ಲಿನ ಪವರ್ ಕಂಟ್ಯಾಕ್ಟರ್ (ದೊಡ್ಡ ರಿಲೇ) ಮೂಲಕವೇ ಬರಬೇಕು, ಲಿನಕ್ಸ್‌ಸಿಎನ್‌ಸಿ ತೆರೆದು ಎಮರ್ಜೆನ್ಸಿ ಸ್ಟಾಪ್ ಬಿಡಿಸಿದ ಮೇಲೆ ಮಾತ್ರ. ಬ್ರೇಕ್‌ಔಟ್ ಬೋರ್ಡಿನಲ್ಲಿ ಚಾರ್ಜ್ ಪಂಪ್ ಸೌಲಭ್ಯವಿದ್ದರೆ ಬಳಸಿ: ಸತತ ಪಲ್ಸ್ ಬರುತ್ತಿದ್ದರೆ ಮಾತ್ರ ಅದು ಔಟ್‌ಪುಟ್ ತೆರೆಯುತ್ತದೆ, ಬಯೋಸ್‌ನ ಕುಲುಕಾಟಕ್ಕೆ ತೆರೆಯದು.

ಹಂತ 7: ಉಳಿದ ಸಾಲುಗಳು

'ಎಸಿ ಪವರ್ ಲಾಸ್' ಸಾಲು 'ಆಲ್ವೇಸ್ ಆಫ್'. ಕರೆಂಟು ಹೋಗಿ ಬಂದಾಗ ಮಷೀನಿನ ಕಂಪ್ಯೂಟರ್ ತಾನಾಗಿ ಏಳಕೂಡದು. ವೇಕ್ ಆನ್ ಲ್ಯಾನ್ (ನೆಟ್‌ವರ್ಕಿನಿಂದ ಏಳುವುದು), ಆರ್‌ಟಿಸಿ ವೇಕ್ (ಗಡಿಯಾರ ನೋಡಿ ಏಳುವುದು) ಎರಡೂ ಆಫ್. ಫಾಸ್ಟ್ ಬೂಟ್ ಆಫ್, ಇಲ್ಲದಿದ್ದರೆ ಯುಎಸ್‌ಬಿ ಕೀಬೋರ್ಡಿನಿಂದ ಬಯೋಸ್‌ಗೆ ಹೋಗುವುದೇ ಕಷ್ಟ. ಸ್ಪ್ರೆಡ್ ಸ್ಪೆಕ್ಟ್ರಮ್ ಆಫ್. ಬೂಟ್ ಪಟ್ಟಿಯಲ್ಲಿ ಡೆಬಿಯನ್ ಒಂದೇ.

ಬಯೋಸ್ ಗಡಿಯಾರ ನಮ್ಮ ಸಮಯಕ್ಕಿಂತ ಐದೂವರೆ ತಾಸು ಹಿಂದೆ ಕಾಣುತ್ತದೆ. ಡೆಬಿಯನ್ ಅದನ್ನು ಯುಟಿಸಿಯಲ್ಲಿ ಇಡುವುದೇ ಇದಕ್ಕೆ ಕಾರಣ, ಕೆಟ್ಟಿಲ್ಲ. ಯಾರಾದರೂ ಒಳಗೆ ಹೋಗಿ 'ಸರಿ' ಮಾಡಿದರೆ ಲಿನಕ್ಸ್‌ನ ಸಮಯ ಮುಂದೋಡುತ್ತದೆ. ಅದಕ್ಕೂ, ಬೇರೆ ಕೈಗಳು ಬರದಿರಲಿಕ್ಕೂ ಬಯೋಸ್‌ಗೆ ಪಾಸ್‌ವರ್ಡ್ ಇಟ್ಟು ಮಾಲೀಕರ ಡೈರಿಯಲ್ಲಿ ಬರೆಸಿದೆವು. ಎಲ್ಲ ಸೆಟ್ಟಿಂಗನ್ನು ಬಯೋಸ್‌ನ ಪ್ರೊಫೈಲ್ ಆಗಿ ಸೇವ್ ಮಾಡಿ, ಪುಟಗಳ ಫೋಟೊ ಪ್ರಿಂಟ್ ತೆಗೆದು ಪ್ಯಾನೆಲ್ ಬಾಗಿಲ ಒಳಗೆ ಅಂಟಿಸಿದೆವು.

ಹಂತ 8: ಡಯಲ್ ಗೇಜಿನ ತೀರ್ಪು

ಮೋಟರ್ ಒಂದು ಸುತ್ತಿಗೆ 1600 ಮೈಕ್ರೋಸ್ಟೆಪ್, ಬಾಲ್‌ಸ್ಕ್ರೂ ಪಿಚ್ 5 ಮಿ.ಮೀ., ಅಂದರೆ 1 ಮಿ.ಮೀ.ಗೆ 320 ಹೆಜ್ಜೆ. ನಿಮಿಷಕ್ಕೆ 3000 ಮಿ.ಮೀ. ಬೇಕು, ಅದು ಸೆಕೆಂಡಿಗೆ 50 ಮಿ.ಮೀ., 16,000 ಪಲ್ಸ್. ಬೇಸ್ ಥ್ರೆಡ್ 50 ಮೈಕ್ರೋಸೆಕೆಂಡ್ ಇಟ್ಟರೆ ಸೆಕೆಂಡಿಗೆ 20,000 ಪಲ್ಸ್ ವರೆಗೆ ದಾರಿಯಿದೆ, ಸಾಕು. ಲಿನಕ್ಸ್‌ಸಿಎನ್‌ಸಿಯ ಸೆಟಪ್ ಪ್ರೋಗ್ರಾಮ್ ಸ್ಟೆಪ್‌ಕಾನ್ಫ್‌ನಲ್ಲಿ ಜಿಟ್ಟರ್ ಜಾಗದಲ್ಲಿ 26,000 ಬದಲು 30,000 ನ್ಯಾನೋಸೆಕೆಂಡ್ ತುಂಬಿದೆವು, ಬೇಸಿಗೆಯ ಪಾಲು ಎಂದು.

ಎಕ್ಸ್ ಅಕ್ಷವನ್ನು 300 ಮಿ.ಮೀ. ಹೋಗಿ ಬರುವಂತೆ 200 ಸಲ ಪೂರ್ಣ ವೇಗದಲ್ಲಿ ಓಡಿಸಿ, ಕೊನೆಗೆ ಡಯಲ್ ಮುಳ್ಳು ನೋಡಿದರೆ ಶುರುವಿನ ಗೆರೆಯ ಮೇಲೇ ಇತ್ತು. ನಂತರ ಬೇಕೆಂದೇ ಬಯೋಸ್ ಡಿಫಾಲ್ಟ್ ಲೋಡ್ ಮಾಡಿ, ಸೆಕ್ಯೂರ್ ಬೂಟ್ ಮಾತ್ರ ಆಫ್ ಇಟ್ಟು ಅದೇ ಪ್ರೋಗ್ರಾಮ್ ಓಡಿಸಿದೆವು. 'ಅನ್‌ಎಕ್ಸ್‌ಪೆಕ್ಟೆಡ್ ರಿಯಲ್‌ಟೈಮ್ ಡಿಲೇ' ಎಂಬ ಸಂದೇಶ ಬಂತು, ಮುಳ್ಳು 0.4 ಮಿ.ಮೀ. ಸರಿದಿತ್ತು. ಅದೇ ಲಿನಕ್ಸ್, ಅದೇ ಗ್ರಬ್ ಸಾಲು, ಅದೇ ಮಷೀನು. ಆಪರೇಟರ್ ಮುಳ್ಳನ್ನು ಬಗ್ಗಿ ನೋಡಿ, "ಇದು ನಮ್ಗ ಎರಕ ಹೊಯ್ದ ಮ್ಯಾಲೆ ಗೊತ್ತಾಗತಿತ್ತಲ್ರೀ" ಎಂದರು. ಪ್ರೊಫೈಲ್ ವಾಪಸು ಲೋಡ್ ಮಾಡಿದಾಗ ಮುಳ್ಳು ಮತ್ತೆ ಗೆರೆಯ ಮೇಲೆ.

ಖರ್ಚು ಒಟ್ಟು: ಡಬ್ಬಿ 4,500, ಎಸ್‌ಎಸ್‌ಡಿ 1,150, ಬ್ರ್ಯಾಕೆಟ್ 180, ಪೇಸ್ಟ್ 100, ಸೆಲ್ 40, ಐಸಿ 35. ಆರು ಸಾವಿರದ ಐದು ರೂಪಾಯಿ.

ಸೆಟ್ಟಿಂಗೇ ಇಲ್ಲದ ಬೋರ್ಡುಗಳು

ಅದೇ ಶೆಡ್ಡಿನಲ್ಲಿದ್ದ ಒಂದು ಬ್ರ್ಯಾಂಡೆಡ್ ಸಣ್ಣ ಡೆಸ್ಕ್‌ಟಾಪನ್ನೂ ಪರೀಕ್ಷಿಸಿದೆವು. ಅದರ ಬಯೋಸ್‌ನಲ್ಲಿ ಸಿ-ಸ್ಟೇಟ್ ಸಾಲೂ ಇಲ್ಲ, ಲೆಗಸಿ ಯುಎಸ್‌ಬಿ ಸಾಲೂ ಇಲ್ಲ. ಗ್ರಬ್ ಸಾಲುಗಳಿಂದ ಮಾತ್ರ 80ರ ಆಸುಪಾಸಿಗೆ ತರಲು ಆಯಿತು, ಎಸ್‌ಎಂಐ ಎಣಿಕೆ ನಿಲ್ಲಲಿಲ್ಲ. ಪ್ಯಾರಲಲ್ ಪೋರ್ಟಿನ ಕೆಲಸಕ್ಕೆ ಅದು ಆಗದು. ಪಲ್ಸ್ ತಾನೇ ತಯಾರಿಸುವ ಈಥರ್ನೆಟ್ ಮೋಷನ್ ಕಾರ್ಡ್ ಜತೆ ಅದೇ ಡಬ್ಬಿ ಚೆನ್ನಾಗಿ ನಡೆಯುತ್ತದೆ, ಆಗ ಬೇಸ್ ಥ್ರೆಡ್ಡೇ ಬೇಡ, 1 ಮಿಲಿಸೆಕೆಂಡಿನ ಸರ್ವೋ ಥ್ರೆಡ್ಡಿಗೆ 80 ಮೈಕ್ರೋಸೆಕೆಂಡ್ ತಡ ದೊಡ್ಡದಲ್ಲ. ಹಳೆಯ ಡಬ್ಬಿ ಕೊಳ್ಳಲು ಹೋಗುವವರು ಅಂಗಡಿಯಲ್ಲೇ ಅದನ್ನು ಆನ್ ಮಾಡಿಸಿ, ಬಯೋಸ್‌ಗೆ ಹೋಗಿ ಸಿ-ಸ್ಟೇಟ್, ಹೈಪರ್‌ಥ್ರೆಡಿಂಗ್, ಲೆಗಸಿ ಯುಎಸ್‌ಬಿ, ಪ್ಯಾರಲಲ್ ಪೋರ್ಟ್ ಈ ನಾಲ್ಕು ಸಾಲು ಕಣ್ಣಿಗೆ ಬಿದ್ದ ಮೇಲೆ ಹಣ ಕೊಡಿ.